ಹಾಸನದಲ್ಲಿ ನಾಲ್ಕಡಿ ಗಿಡದ ಅಕ್ವೇರಿಯಂ: ಮಾಡಿ ನೋಡಿದವರು ಹೇಳಿ

ಕೇಳಿದವರು, ಹಾಸನ

ಹೊಸ ಮನೆಯ ಹಾಲ್‌ನಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇಡಬೇಕೆಂದಿದ್ದೇನೆ. ಪ್ಲಾಸ್ಟಿಕ್ ಬೇಡ, ನಿಜವಾದ ಗಿಡಗಳೇ ಬೇಕು. ಇದುವರೆಗೆ ಸಾಕಿದ್ದು ಬೌಲ್‌ನಲ್ಲಿ ಎರಡು ಗೋಲ್ಡ್ ಫಿಶ್ ಅಷ್ಟೇ. ಬೋರ್ ನೀರಿದೆ, ಆಗಾಗ ನಲ್ಲಿ ನೀರೂ ಬರುತ್ತದೆ. ವಿಡಿಯೋಗಳಲ್ಲಿ ಹೇಳುವುದೆಲ್ಲ ಬೇರೆ ಊರಿನ ಲೆಕ್ಕ. ನಮ್ಮ ಕಡೆ ಮಾಡಿ ಕೈ ಸುಟ್ಟುಕೊಂಡವರು ಹೇಳಿ.

ಚಿಕ್ಕಮಗಳೂರಿನಿಂದ, ಏಳು ವರ್ಷದ ಟ್ಯಾಂಕ್

ಮೀನಿನ ಅಂಗಡಿಗೆ ಈಗಲೇ ಹೋಗಬೇಡಿ. ಮೊದಲು ಕರೆಂಟು, ನೀರು, ಚಳಿ ಮೂರರ ಲೆಕ್ಕ ಹಾಕಿ. ನಮ್ಮ ಕಡೆ ಟ್ಯಾಂಕ್ ಹಾಳಾಗುವುದು ಇವುಗಳಿಂದಲೇ.

ಭಾರದ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಅಳತೆಗೆ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರೇ 450 ಕೆಜಿ. ಗಾಜು, ಮರಳು, ಕಲ್ಲು ಸೇರಿದರೆ 600 ದಾಟುತ್ತದೆ. ನೆಲದ ಮಹಡಿಯಲ್ಲೇ ಇಡಿ. ಗಾಜು 12 ಮಿ.ಮೀ. ಇರಲಿ. ಸ್ಟ್ಯಾಂಡ್ ಮೇಲೆ ಮಟ್ಟಗೋಲು ಇಟ್ಟು ನೋಡಿ. ನನ್ನ ಮೊದಲ ಸ್ಟ್ಯಾಂಡ್ ಒಂದು ಮೂಲೆ ತಗ್ಗಿತ್ತು. ಏನಾಗುತ್ತೆ ಬಿಡು ಅಂದುಕೊಂಡೆ. ಐದು ತಿಂಗಳಿಗೆ ಅಂಟು ಬಿಟ್ಟಿತು, ರಾತ್ರಿ ಒಂದು ಗಂಟೆಗೆ ಮನೆಯವರೆಲ್ಲ ಬಕೆಟ್ ಹಿಡಿದು ನಿಂತಿದ್ದೆವು.

ಈಗ ಕರೆಂಟು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ನನಗೆ ಹೊಡೆತ ಬಿದ್ದಿದ್ದು ಕರೆಂಟು ಹೋದಾಗ ಅಲ್ಲ, ಬಂದಾಗ! ಕ್ಯಾನಿಸ್ಟರ್ ಫಿಲ್ಟರ್ ಮುಚ್ಚಿದ ಡಬ್ಬ. ನೀರು ಹರಿಯದಿದ್ದರೆ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಗಾಳಿಯಿಲ್ಲದೆ ಸಾಯುತ್ತವೆ, ನೀರು ಕೊಳೆಯುತ್ತದೆ. ಕರೆಂಟು ಬಂದ ತಕ್ಷಣ ಆ ಕೊಳಕೆಲ್ಲ ಟ್ಯಾಂಕಿಗೆ ಸುರಿಯಿತು. ಬೆಳಿಗ್ಗೆ ಹನ್ನೊಂದು ಮೀನು ತೇಲುತ್ತಿದ್ದವು. ಈಗ ಎರಡು ಮೂರು ಗಂಟೆಗಿಂತ ಜಾಸ್ತಿ ನಿಂತಿದ್ದರೆ ಫಿಲ್ಟರ್ ಬಿಚ್ಚಿ, ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಅಲ್ಲಾಡಿಸಿ ಆಮೇಲೆ ಹಾಕುತ್ತೇನೆ. ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್ ಉಳಿದದ್ದನ್ನೂ ಕೊಲ್ಲುತ್ತದೆ. ಫಿಲ್ಟರ್ ಮತ್ತು ಏರ್ ಪಂಪನ್ನು ಇನ್ವರ್ಟರ್‌ಗೆ ಕೊಡಿ. ಹೀಟರ್ ಬೇಡ, ಬ್ಯಾಟರಿ ನುಂಗಿ ಹಾಕುತ್ತದೆ.

ಚಳಿಗೆ ದೊಡ್ಡ ಹೀಟರ್ ಒಂದರ ಬದಲು 200 ವ್ಯಾಟಿನ ಎರಡು ತೊಗೊಳ್ಳಿ. ಒಂದು ಕೆಟ್ಟು ಆನ್ ಆಗಿಯೇ ಉಳಿದರೂ ಮೀನು ಬೇಯುವುದಿಲ್ಲ, ಒಂದು ಸತ್ತರೂ ಪೂರ್ತಿ ತಣ್ಣಗಾಗುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ನನ್ನ ಟ್ಯಾಂಕ್ ಹೀಟರ್ ಇಲ್ಲದೆ 18 ಡಿಗ್ರಿಗೆ ಇಳಿದಿತ್ತು.

ಹಾಸನದಿಂದ, ಬೋರ್ ನೀರಿನವರು

ಮೇಲಿನವರ ಮಾತೆಲ್ಲ ಸರಿ, ನೀರಿನ ಬಗ್ಗೆ ನಾನು ಸೇರಿಸುತ್ತೇನೆ. ಒಲೆ ಮೇಲಿನ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದಾ ನೋಡಿ. ಕಟ್ಟಿದರೆ ಗಡಸು ನೀರು. ವ್ಯಾಲಿಸ್ನೇರಿಯಾ ಅನ್ನುವ ನೀರಿನ ಗಿಡ ಅದರಲ್ಲೂ ಹುಲುಸಾಗಿ ಬೆಳೆಯುತ್ತದೆ. ಸೂಕ್ಷ್ಮ ಗಿಡಗಳು ಮುರುಟುತ್ತವೆ. ನಾನು ಮಳೆಗಾಲದಲ್ಲಿ ತಾರಸಿ ನೀರು ಹಿಡಿದಿಟ್ಟು, ಅರ್ಧ ಬೋರ್ ಅರ್ಧ ಮಳೆ ನೀರು ಹಾಕುತ್ತೇನೆ. ಮೊದಲ ಒಂದೆರಡು ಮಳೆಯ ನೀರು ಬಿಟ್ಟುಬಿಡಿ. ಪೂರ್ತಿ ಮಳೆ ನೀರೂ ಬೇಡ. ಅದರಲ್ಲಿ ಖನಿಜವೇ ಇರುವುದಿಲ್ಲ, ಪಿಎಚ್ ದಿಢೀರ್ ಕುಸಿಯುತ್ತದೆ. ನಲ್ಲಿ ನೀರಾದರೆ ಡ್ರಮ್‌ನಲ್ಲಿ ಒಂದು ದಿನ ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಗುಳ್ಳೆ ಮಾಡುವ ಕಲ್ಲು) ಬಿಟ್ಟು ಆಮೇಲೆ ಬಳಸಿ.

ಇನ್ನೊಂದು ಗುಟ್ಟು. ಅಕ್ವೇರಿಯಂ ಗೊಬ್ಬರದ ಪುಟ್ಟ ಬಾಟಲಿಗೆ ದುಡ್ಡು ಸುರಿಯಬೇಡಿ. ಗೊಬ್ಬರದ ಅಂಗಡಿಯಲ್ಲಿ ಡ್ರಿಪ್‌ಗೆ ಬಿಡುವ 13-0-45 ಸಿಗುತ್ತದೆ, ಅದು ಪೊಟ್ಯಾಸಿಯಂ ನೈಟ್ರೇಟ್. 0-52-34 ಅಂದರೆ ರಂಜಕ ಮತ್ತು ಪೊಟ್ಯಾಷ್. ಬಾಟಲಿಯ ಒಳಗಿರುವುದೂ ಹೆಚ್ಚುಕಮ್ಮಿ ಇವೇ. ಚಿಟಿಕೆ ಲೆಕ್ಕದಲ್ಲಿ ಕರಗಿಸಿ ಹಾಕಿ. ಆದರೆ 19-19-19 ಮತ್ತು ಯೂರಿಯಾ ಮುಟ್ಟಬೇಡಿ. ಅವುಗಳಿಂದ ಅಮೋನಿಯಾ ಬರುತ್ತದೆ, ಮೀನು ಉಳಿಯುವುದಿಲ್ಲ.

ಮೂಡಿಗೆರೆ ಕಡೆಯ ತೋಟದವರು

ನನ್ನದು ದಡ್ಡತನದ ಕಥೆ. ನಮ್ಮದೇ ತೋಟ ಇರುವಾಗ ಮಣ್ಣಿಗೆ ಯಾಕೆ ದುಡ್ಡು ಅಂತ ಕಾಫಿ ಗಿಡದ ಬುಡದ ಮಣ್ಣು ತಂದು ಹಾಕಿದೆ. ಗಿಡ ಚೆನ್ನಾಗಿಯೇ ಬಂತು. ಸೀಗಡಿ ಬಿಟ್ಟ ವಾರದಲ್ಲಿ ಎಲ್ಲ ಸತ್ತವು, ಬಸವನಹುಳುಗಳೂ ಹೋದವು. ಮೀನಿಗೆ ಏನೂ ಆಗಿರಲಿಲ್ಲ. ಆಮೇಲೆ ತಲೆಗೆ ಹೊಳೆಯಿತು: ಬೋರ್ಡೋ! ಕಾಫಿ, ಮೆಣಸು, ಅಡಿಕೆ ಎಲ್ಲಕ್ಕೂ ವರ್ಷ ವರ್ಷ ಮೈಲುತುತ್ತ ಹೊಡೆಯುತ್ತೇವಲ್ಲ, ಅದರ ತಾಮ್ರ ಮೇಲ್ಮಣ್ಣಿನಲ್ಲೇ ಕೂತಿರುತ್ತದೆ. ತಾಮ್ರ ಸೀಗಡಿಗೆ ವಿಷ.

ಪಾಯ ತೆಗೆದಾಗ ಆಳದಲ್ಲಿ ಸಿಕ್ಕಿದ ಕೆಂಪು ಮಣ್ಣು ಇನ್ನೂ ಬಿದ್ದಿದೆಯಾ? ಅದನ್ನು ಜರಡಿ ಹಿಡಿದು, ಹಳೆಯ ಎಲೆಗೊಬ್ಬರ ಒಂದು ಹಿಡಿ ಬೆರೆಸಿ, ತಳಕ್ಕೆ ಒಂದಿಂಚು ಹಾಕಿ. ಅದರ ಮೇಲೆ ತೊಳೆದ ದಪ್ಪ ಮರಳು ಎರಡಿಂಚು. ಕಬ್ಬಿಣದ ಅಂಶ ಪುಕ್ಕಟೆ. ಆದರೆ ಗಿಡ ಕಿತ್ತು ಕಿತ್ತು ನೆಡಬೇಡಿ, ನೀರು ಟೀ ಥರ ಆಗುತ್ತದೆ.

ಕಾಫಿ ಬೊಡ್ಡೆ ನೋಡಲು ಬಲು ಚಂದ, ಟ್ಯಾಂಕಿಗೆಂದೇ ಕೆತ್ತಿದ ಹಾಗಿರುತ್ತದೆ. ಆದರೆ ಅರೇಬಿಕಾ ಕಾಂಡಕ್ಕೆ ಬಿಳಿ ಕಾಂಡಕೊರಕದ ಔಷಧಿ ಹೊಡೆದಿರಬಹುದು. ಇತಿಹಾಸ ಗೊತ್ತಿಲ್ಲದ ಬೊಡ್ಡೆ ಬೇಡ. ಔಷಧಿ ಕಾಣದ ಒಣ ಬೊಡ್ಡೆಯಾದರೆ ತೊಗಟೆ ಸುಲಿದು, ಕುದಿಸಿ, ಮುಳುಗುವವರೆಗೆ ನೆನೆಹಾಕಿ. ಮೊದಲು ಬಿಳಿ ಲೋಳೆ ಬರುತ್ತದೆ, ಹೆದರಬೇಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಟೈಮಲ್ಲಿ ಹಳ್ಳದ ನೀರು ತರಲೇಬೇಡಿ. ವಾಸನೆಯೇ ಹೇಳುತ್ತದೆ.

ಚಿಕ್ಕಮಗಳೂರಿನಿಂದ ಇನ್ನೊಬ್ಬರು

ಗಿಡಕ್ಕೆ ಅನುಬಿಯಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಸಾಕು. ಮೊದಲೆರಡರ ಗಡ್ಡೆಯನ್ನು ಮಣ್ಣಿನಲ್ಲಿ ಹೂಳಿದರೆ ಕೊಳೆಯುತ್ತದೆ, ದಾರದಿಂದ ಬೊಡ್ಡೆಗೆ ಕಟ್ಟಿ. ಕ್ರಿಪ್ಟ್ ಎಲೆ ಮೊದಲು ಕರಗಿ ಹೋಗುತ್ತದೆ, ಸತ್ತಿತು ಅಂತ ಕೀಳಬೇಡಿ. ಬೇರಿನಿಂದ ಮತ್ತೆ ಚಿಗುರುತ್ತದೆ. ನಾನು ಕಿತ್ತು ಎಸೆದ ಮೇಲೆ ತಿಳಿದುಕೊಂಡೆ.

ಲೈಟ್ ದಿನಕ್ಕೆ ಆರೇ ಗಂಟೆ, ಟೈಮರ್ ಹಾಕಿ. ಜಾಸ್ತಿ ಬೆಳಕು ಕೊಟ್ಟರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ. ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಬೇಕು, ಅದಕ್ಕೇ ಮೀನು ಬಿಡಲು ಒಂದೂವರೆ ತಿಂಗಳು ಕಾಯಿರಿ, ಚಳಿಯಲ್ಲಾದರೆ ಇನ್ನೂ ಸ್ವಲ್ಪ ಹೆಚ್ಚು. ನೀರು ಪರೀಕ್ಷಿಸುವ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಮೀನಿನಲ್ಲಿ ಡಿಸ್ಕಸ್ ಆಸೆ ಬೇಡ, ಅದಕ್ಕೆ 28 ಡಿಗ್ರಿ ಮೇಲೆ ಬೇಕು. ಜೀಬ್ರಾ ಡೇನಿಯೋ, ರೋಸಿ ಬಾರ್ಬ್, ನಮ್ಮ ಪಶ್ಚಿಮ ಘಟ್ಟದ್ದೇ ಆದ ಮೆಲನ್ ಬಾರ್ಬ್ ತಂಪನ್ನು ತಡೆಯುತ್ತವೆ. ಅಂಗಡಿಯಲ್ಲೇ ಕೊಳ್ಳಿ. ಕುದುರೆಮುಖದ ಹಳ್ಳಕ್ಕೆ ಬಲೆ ಹಿಡಿದು ಹೋಗಬೇಡಿ, ಅದು ರಾಷ್ಟ್ರೀಯ ಉದ್ಯಾನ.

ಕೇಳಿದವರು

ಬೋರ್ಡೋ ವಿಷಯ ಕೇಳಿ ಬೆವರಿದೆ, ಊರಿನಿಂದ ಎರಡು ಚೀಲ ತೋಟದ ಮಣ್ಣು ತರಿಸಿಟ್ಟಿದ್ದೆ! ಪಾಯದ ಮಣ್ಣು ಹಿತ್ತಲಲ್ಲಿ ಗುಡ್ಡೆಯೇ ಇದೆ. ಇನ್ನೆರಡು ಪ್ರಶ್ನೆ. ಗಿಡಕ್ಕೆ ನೀರಿನಲ್ಲಿ ಬಿಡುವ ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಬೇಕೇಬೇಕಾ? ಸಕ್ಕರೆ, ಈಸ್ಟ್ ಹಾಕಿದ ಬಾಟಲಿ ಸಾಲುತ್ತದಾ? ವಾರಕ್ಕೆ ಎಷ್ಟು ಕೆಲಸ?

ಹಾಸನದಿಂದ, ಬೋರ್ ನೀರಿನವರು

ಈಸ್ಟ್ ಬಾಟಲಿ 450 ಲೀಟರ್‌ಗೆ ಸಾಲದು. ಚಳಿ ಬಂತೆಂದರೆ ದೋಸೆ ಹಿಟ್ಟು ಹುದುಗದ ಹಾಗೆ ಅದೂ ಮಲಗುತ್ತದೆ. ಕೆಂಪು ಗಿಡ ಬೇಕೆಂದರೆ ಸಿಲಿಂಡರ್ ಹಾಕಿ. ನನಗೆ ಅದಿಲ್ಲದ ಟ್ಯಾಂಕ್ ಸಪ್ಪೆ ಅನಿಸುತ್ತದೆ.

ಚಿಕ್ಕಮಗಳೂರಿನಿಂದ, ಏಳು ವರ್ಷದ ಟ್ಯಾಂಕ್

ನಾನು ಒಪ್ಪಲ್ಲ. ಮೊದಲ ವರ್ಷ ಸಿಲಿಂಡರ್ ಬೇಡ. ರಾತ್ರಿ ಅದು ನಿಲ್ಲದೇ ಹೋದರೆ ಮೀನಿಗೆ ಉಸಿರು ಕಟ್ಟುತ್ತದೆ. ಹೊಸಬರಿಗೆ ನೋಡಿಕೊಳ್ಳಲು ಬೇಕಾದಷ್ಟಿದೆ.

ಕೆಲಸ ವಾರಕ್ಕೆ ಒಂದೂವರೆ ಗಂಟೆ. ಮೂರನೇ ಒಂದು ಭಾಗ ನೀರು ತೆಗೆದು, ಗಾಜು ಒರೆಸಿ, ಹಳದಿ ಎಲೆ ಕತ್ತರಿಸಿ, ಅಷ್ಟೇ ಬಿಸಿಯ ನೀರು ತುಂಬುವುದು. ಒಂದು ಸಲಕ್ಕೆ 150 ಲೀಟರ್ ಆಯಿತು, ಬಕೆಟ್‌ನಲ್ಲಿ ಹೊತ್ತರೆ ಸೊಂಟ ಉಳಿಯುವುದಿಲ್ಲ. ಪೈಪ್ ಅಂಗಳದವರೆಗೆ ಮುಟ್ಟುವ ಜಾಗದಲ್ಲೇ ಟ್ಯಾಂಕ್ ಇಡಿ. ನಮ್ಮ ಮನೆಯಲ್ಲಿ ಆ ನೀರೆಲ್ಲ ಅಂತೂರಿಯಂ ಕುಂಡಗಳಿಗೆ. ಟ್ಯಾಂಕ್ ತಂದ ದಿನ ಬೈದ ಅಮ್ಮನೇ ಈಗ ಭಾನುವಾರ ಕಾಫಿ ಕುಡಿಯುವ ಮೊದಲೇ ಕೇಳುತ್ತಾರೆ, ಇವತ್ತು ಮೀನಿನ ನೀರು ತೆಗೆಯಲ್ವಾ ಅಂತ.