ಹೆಗಲಿಗೆ ಡ್ರೈ ನೀಡ್ಲಿಂಗ್ (ಔಷಧ ಇಲ್ಲದ ತೆಳ್ಳನ ಸೂಜಿಯಿಂದ ಸ್ನಾಯುವಿನ ಗಂಟು ಚುಚ್ಚೋದು) ಮಾಡಿದ ಮರುದಿನ ಕೈ ಎತ್ತಾಕ ಆಗಂಗಿಲ್ಲ ಅಂತಾರ, ಯಾಕ?

ತಿಕೋಟಾ ಫಿಜಿಯೋ:
ಅಕ್ಟೋಬರ್ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋದು, ಶುರುವಾದ್ರ ದ್ರಾಕ್ಷಿ ತೋಟದ ಕೆಲಸದವರು ಕುತ್ತಿಗಿ, ಹೆಗಲು ಹಿಡಕೊಂಡು ಬರ್ತಾರ. ದಿನಪೂರ್ತಿ ಕೈ ಮ್ಯಾಲೆತ್ತಿ ಕತ್ತರಿ ಆಡಿಸೋ ಕೆಲಸ. ಕುತ್ತಿಗಿಯಿಂದ ಹೆಗಲಿಗೆ ಬರೋ ಸ್ನಾಯು, ಅಪ್ಪರ್ ಟ್ರಪೀಜಿಯಸ್‌ನ್ಯಾಗ ಬಿಗಿ ಎಳಿ, ಅದರಾಗ ಗಂಟು ಬೆರಳಿಗೆ ಸಿಗತೈತಿ, ಒತ್ತಿದ್ರ ನೋವು ಕಿವಿ ಹಿಂದಿನಿಂದ ಕಣತಲಿ ತನಕ ಏರತೈತಿ. 0.30×40 ಮಿ.ಮೀ. ಸೂಜಿಯಿಂದ ಒಂದೊಂದು ಗಂಟಿನ್ಯಾಗ 15–20 ಸಲ ಆಡಿಸ್ತೀನಿ, ಎರಡೂ ಕಡೆ ಸೇರಿ 6 ಗಂಟು. ಕುತ್ತಿಗಿ ಅವತ್ತೇ ಸಲೀಸು ತಿರುಗತೈತಿ. ಮರುದಿನ ಕೈ ಎತ್ತಾಕ ಆಗಂಗಿಲ್ಲ ಅಂತಾರ, ಎರಡನೇ ಸಲ ಬರಂಗಿಲ್ಲ. ತಪ್ಪು ಎಲ್ಲಿ ಆಗಾಕತ್ತೈತಿ?

ಬೆಳಗಾವಿಯಿಂದ:
ಪ್ರಮಾಣ ಬಾಳ ಆಗೇತ್ರಿ. ಚುಚ್ಚಿದ ಮ್ಯಾಲಿನ ನೋವು ಸಹಜ, 24ರಿಂದ 48 ತಾಸು ಇರತೈತಿ, ಕೆಲವರಿಗೆ 72. ಆದ್ರ ಸೂಜಿ ಹೆಚ್ಚು ಆಡಿಸಿದಷ್ಟೂ ಒಳಗ ನಾರಿಗೆ ಗಾಯ ಹೆಚ್ಚು, ನೋವೂ ಹೆಚ್ಚು. ಮೊದಲ ಭೇಟಿಗೆ ಒಂದೇ ಕಡೆ, ಒಂದು ಇಲ್ಲಾ ಎರಡು ಗಂಟು ಸಾಕು. ಸ್ನಾಯು ಪಟ್ಟನೆ ಜಿಗೀತೈತಲ್ಲ, ಆ ಟ್ವಿಚ್ ಎರಡು ಮೂರು ಸಲ ಸಿಕ್ಕಿದ್ರ ಸೂಜಿ ತಗೀರಿ. ಸಿಗಲಿಲ್ಲಂದ್ರ ಹುಡುಕ್ಕೋತ ಕೂಡಬ್ಯಾಡ್ರಿ, ಟ್ವಿಚ್ ಇಲ್ಲದೇನೂ ನೋವು ಇಳಿಯೋರು ಅದಾರ. ಸೂಜಿಯ ದಪ್ಪ 0.25 ಮಿ.ಮೀ.ಗೆ ಇಳಿಸಿ ನೋಡ್ರಿ.

ನೀವು ಹೆಂಗ ಹಿಡೀತೀರಿ ಅಂತ ಬರದಿಲ್ಲ, ನನಗ ಅದರ ಚಿಂತಿ ಹೆಚ್ಚು. ಕೂಡಿಸಿ ಚುಚ್ಚಬ್ಯಾಡ್ರಿ, ಚಕ್ರ ಬಂದು ಬೀಳ್ತಾರ, ಬೋರಲ ಮಲಗಿಸ್ರಿ. ಹೆಬ್ಬೆರಳು ತೋರುಬೆರಳಿನಾಗ ಸ್ನಾಯು ಚಿವುಟಿ, ಎದಿಗೂಡಿನಿಂದ ಮ್ಯಾಲೆತ್ತಿ ಹಿಡೀಬೇಕು. ಸೂಜಿ ಆ ಎರಡು ಬೆರಳಿನ ನಡುವಿನ ಮಾಂಸದಾಗ ಮಾತ್ರ, ಮೊನಿ ಎದುರಿನ ಬೆರಳ ಕಡೆ. ಚಪ್ಪಟಿ ಒತ್ತಿ ನೆಟ್ಟಗ ಕೆಳಗ ಇಳಿಸಿದ್ರ ಅಲ್ಲೇ ಪುಪ್ಪುಸದ ತುದಿ ಐತಿ. ತೆಳ್ಳನ ಮೈಯವರಿಗೆ 25 ಮಿ.ಮೀ. ಉದ್ದ ಸಾಕು. ಅವತ್ತು ಇಲ್ಲಾ ಮರುದಿನ ಉಸಿರೆಳೆದ್ರ ಎದಿ ಚುಚ್ಚೋದು, ಒಣ ಕೆಮ್ಮು, ದಮ್ಮು ಕಂಡ್ರ ತಡಾ ಮಾಡದ ಎಕ್ಸ್‌ರೇ ಇರೋ ದವಾಖಾನಿಗೆ ಹೋಗಬೇಕು. ಇದನ್ನ ಚುಚ್ಚೂಕಿಂತ ಮೊದಲೇ ರೋಗಿಗೆ ಹೇಳಿ ಒಪ್ಪಿಗಿ ತಗೋರಿ.

ಬಾಗಲಕೋಟಿಯಿಂದ:
ಸರ್ ಹೇಳಿದ್ದಕ್ಕ ಒಂದು ಸೇರಸ್ತೀನಿ. ಚುಚ್ಚಿಸ್ಕೊಂಡ ಮರುದಿನ ಬೆಳಿಗ್ಗೆ ಅದೇ ಕೈ ಎತ್ತಿ ಎಂಟು ತಾಸು ದುಡಿದ್ರ ಹೆಂಗ ಆದೀತ್ರಿ? ರಜಾದ ಹಿಂದಿನ ಸಂಜಿಗೆ ಕರೀರಿ. ಸೂಜಿ ತಗದ ಕೂಡಲೇ ಹತ್ತಿ ಇಟ್ಟು ಅರ್ಧ ನಿಮಿಷ ಗಟ್ಟಿ ಒತ್ರಿ, ಕಪ್ಪು ಕಲಿ ಕಮ್ಮಿ ಆಗತೈತಿ. ಆಮ್ಯಾಲ 10–15 ನಿಮಿಷ ಬಿಸಿ ಶಾಖ, ಕುತ್ತಿಗಿ ಮೆಲ್ಲಗ ಎರಡೂ ಕಡೆ ಬಗ್ಗಸೋದು. ಸುಮ್ಮ ಮಲಗಿದ್ರ ಇನ್ನೂ ಬಿಗೀತೈತಿ, ಹಗುರ ಕೆಲಸ ನಡೀಲಿ.

ವಾರ್ಫರಿನ್‌ನಂಥ ರಕ್ತ ತೆಳು ಮಾಡೋ ಗುಳಿಗಿ, ಬಸಿರು, ಆ ಜಾಗದಾಗ ಬಾವು ಅಥವಾ ಸೋಂಕು, ಸೂಜಿ ಕಂಡ್ರ ಬೆವರೋರು, ಇವನ್ನೆಲ್ಲಾ ಕೇಳದ ಸೂಜಿ ಪಾಕೀಟ ಹರೀಬ್ಯಾಡ್ರಿ. ಬೆರಳಿಗೆ ಜೋಮು ಇದ್ರ ಮೊದಲು ಕುತ್ತಿಗಿಯ ನರ ನೋಡ್ರಿ. ಎಡ ಹೆಗಲ ನೋವು ನಡೆದಾಗ ಹೆಚ್ಚಾಗಿ ಕುಂತಾಗ ಇಳಿದ್ರ ಅದು ಸ್ನಾಯುವಿನ ಗಂಟಲ್ಲ, ಹೃದಯದ್ದು ಇರಬಹುದು, ಇಸಿಜಿಗೆ ಕಳಿಸ್ರಿ.

ಸೂಜಿಯ ಗುಣ ಕೆಲವು ದಿನ, ಕೆಲವು ವಾರದ್ದು. ಆ ಬಿಡುವಿನಾಗ ರಬ್ಬರ್ ಬ್ಯಾಂಡ್ ಹಿಂದಕ್ಕ ಎಳೆಯೋ ವ್ಯಾಯಾಮ, 10ರಂತೆ ಮೂರು ಸುತ್ತು, ಕಲಿಸ್ರಿ. ತೋಟದಾಗ ಕೈ ಹೆಗಲಿಗಿಂತ ಮ್ಯಾಲ ಹೋಗದಂಗ ಒಂದು ಸ್ಟೂಲ್ ಹಾಕ್ಕೊಳ್ಳಲಿ. ಸ್ಟೂಲ್ ಇಲ್ಲಂದ್ರ ಮುಂದಿನ ವಾರ ಅದೇ ಗಂಟು ಮತ್ತ ಸಿಗತೈತಿ.

ತಿಕೋಟಾ ಫಿಜಿಯೋ:
ಚಿವುಟಿ ಹಿಡಿದೇ ಹಾಕ್ತೀನ್ರಿ. ಗಂಟು ಎರಡಕ್ಕ ಇಳಿಸ್ತೀನಿ. ಕುತ್ತಿಗಿಯಿಂದ ಭುಜದೆಲುಬಿಗೆ ಇಳಿಯೋ ಲೆವೇಟರ್ ಸ್ಕ್ಯಾಪುಲೆ ಸ್ನಾಯುವಿಗೂ ಹಿಂಗೇನಾ?

ಬೆಳಗಾವಿಯಿಂದ:
ಅಲ್ರಿ. ಅಲ್ಲಿ ಕೆಳಗಿನ ಗಂಟು ಭುಜದೆಲುಬಿನ ಮ್ಯಾಲಿನ ಒಳಮೂಲಿ ಹತ್ತಿರ ಇರತೈತಿ, ಚಿವುಟಿ ಎತ್ತಾಕ ಬರಂಗಿಲ್ಲ. ಆ ಮೂಲಿನ ಬೆರಳಿನಿಂದ ಗುರುತಿಸಿ, ಸೂಜಿ ಓರೆಯಾಗಿ ಆ ಭುಜದೆಲುಬಿನ ಕಡೆ ಹೋಗಬೇಕು, ಪಕ್ಕೆಲುಬಿನ ಸಂದಿ ಕಡೆ ಎಂದೂ ಅಲ್ಲ. ಕಲಿಸೋರ ಎದುರು ಕೈ ಪಳಗೂ ತನಕ ಅಲ್ಲಿ ಬೆರಳ ಒತ್ತಡ ಒಂದೇ ಸಾಕು.