ಮಾಟಗಾತಿಯರ ಬೇಟೆ ಮಧ್ಯಯುಗದ್ದೇ?

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಯುರೋಪಿನಲ್ಲಿ ನಡೆದ ಮಾಟಗಾತಿಯರ ಬೇಟೆಯ ಕುರಿತು ನಾನು ಮುಂದಿನ ವಾರ ಕಾಲೇಜಿನಲ್ಲಿ ಪ್ರಬಂಧ ಮಂಡಿಸಬೇಕಿದೆ. ಮಧ್ಯಯುಗದಲ್ಲಿ ತೊಂಬತ್ತು ಲಕ್ಷ ಹೆಂಗಸರನ್ನು ಸುಡಲಾಯಿತು ಎಂದು ಹಿರಿಯ ವಿದ್ಯಾರ್ಥಿಗಳಿಂದ ಬಂದ ಟಿಪ್ಪಣಿಯಲ್ಲಿದೆ. ಈ ಸಂಖ್ಯೆಯನ್ನು ನಂಬಬಹುದೇ?

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಚಿತ್ರದುರ್ಗ

ನಂಬಬೇಡಮ್ಮ. 18ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಕ್ವೆಡ್ಲಿನ್‌ಬರ್ಗ್ ಪಟ್ಟಣದ ಕಡತಗಳಲ್ಲಿ ಸಿಕ್ಕ ಕೆಲವು ಪ್ರಕರಣಗಳನ್ನೇ ಇಡೀ ಖಂಡಕ್ಕೆ ಹಿಗ್ಗಿಸಿ ಕಟ್ಟಿದ ಲೆಕ್ಕ ಅದು. ಇಂದಿನ ಇತಿಹಾಸಕಾರರ ಅಂದಾಜಿನಂತೆ ಮರಣದಂಡನೆಗೆ ಗುರಿಯಾದವರು ಸುಮಾರು 40,000ದಿಂದ 60,000. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರಾದರೂ ಐಸ್‌ಲ್ಯಾಂಡಿನಲ್ಲಿ ಸತ್ತವರು ಬಹುತೇಕ ಗಂಡಸರೇ. ಇಂಗ್ಲೆಂಡಿನಲ್ಲಿಯಂತೂ ಸುಡುತ್ತಿರಲಿಲ್ಲ, ಗಲ್ಲಿಗೇರಿಸುತ್ತಿದ್ದರು.

ಕಾಲದ ವಿಷಯದಲ್ಲೂ ಟಿಪ್ಪಣಿ ಎಡವಿದೆ. ಯುರೋಪಿನ ಮಧ್ಯಯುಗವೆಂದರೆ ಸುಮಾರು 500ರಿಂದ 1500ರವರೆಗಿನ ಕಾಲ. ಮಾಟಗಾತಿಯೆಂದು ನಂಬಿ ಯಾರನ್ನಾದರೂ ಸುಟ್ಟವನಿಗೇ ಮರಣದಂಡನೆಯೆಂದು 8ನೆಯ ಶತಮಾನದಲ್ಲಿ ಶಾರ್ಲಮೇನ್ ದೊರೆ ಸ್ಯಾಕ್ಸನರ ನಾಡಿಗೆ (ಇಂದಿನ ಉತ್ತರ ಜರ್ಮನಿ) ಶಾಸನ ಮಾಡಿದ್ದನು. ಬೇಟೆ ಉಗ್ರವಾದದ್ದು 1560ರಿಂದ 1630ರ ನಡುವೆ, ಅಂದರೆ ಮುದ್ರಣಯಂತ್ರ ಬಂದು ನೂರು ವರ್ಷ ಕಳೆದ ಮೇಲೆ. ಆಗ ಚಳಿ ಹೆಚ್ಚಿ ಬೆಳೆ ಕೈಕೊಡುತ್ತಿತ್ತು. ಭದ್ರಾ ಅಚ್ಚುಕಟ್ಟಿನಲ್ಲಿ ಆಲಿಕಲ್ಲು ಬಿದ್ದು ಕೊಯ್ಲಿಗೆ ಬಂದ ಭತ್ತ ನೆಲಕಚ್ಚಿದರೆ ನಾವು ಹಣೆಬರಹವನ್ನು ಹಳಿಯುತ್ತೇವೆ. ಅಲ್ಲಿ ದ್ರಾಕ್ಷಿತೋಟ ಹಾಳಾದಾಗ ನೆರೆಮನೆಯ ಮುದುಕಿಯತ್ತ ಬೆರಳು ತೋರಿಸಿದರು.

ಉತ್ತರ: ವಕೀಲ, ದಾವಣಗೆರೆ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬರಗಾಲಕ್ಕಿಂತ ನ್ಯಾಯಾಲಯದ ನಡಾವಳಿಯೇ ಹೆಚ್ಚು ಜನರನ್ನು ಕೊಂದಿತೆಂಬುದು ನನ್ನ ಅಭಿಪ್ರಾಯ. ಹಳೆಯ ಪದ್ಧತಿಯಲ್ಲಿ ಆರೋಪ ಸಾಬೀತಾಗದಿದ್ದರೆ ದೂರುದಾರನೇ ಶಿಕ್ಷೆ ಅನುಭವಿಸಬೇಕಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ನ್ಯಾಯಾಧೀಶನೇ ವಿಚಾರಣೆ ಕೈಗೆತ್ತಿಕೊಂಡು, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಪಡೆದು, ಜೊತೆಗಾರರ ಹೆಸರನ್ನೂ ಹೇಳಿಸುತ್ತಿದ್ದನು. ಹೀಗೆ ಒಂದು ಹೆಸರಿನಿಂದ ಹತ್ತು ಹೆಸರು ಹುಟ್ಟುತ್ತಿದ್ದವು. 1628ರಲ್ಲಿ ಜರ್ಮನಿಯ ಬಾಂಬರ್ಗ್ ನಗರದ ಮೇಯರ್ ಯೋಹಾನೆಸ್ ಯೂನಿಯಸ್ ಸೆರೆಮನೆಯಿಂದ ಮಗಳಿಗೆ ಗುಟ್ಟಾಗಿ ಬರೆದ ಪತ್ರ ಉಳಿದುಬಂದಿದೆ. ಬೆರಳುಗಳನ್ನು ತಿರುಪಿನಲ್ಲಿ ಜಜ್ಜಿದ್ದರಿಂದ ಕೈ ನಡುಗುತ್ತಿದ್ದರೂ, ಏನಾದರೊಂದು ಕಟ್ಟಿ ಹೇಳಿಬಿಡೆಂದು ಹಿಂಸಿಸುತ್ತಿದ್ದ ವಧಕಾರನೇ ತನ್ನನ್ನು ಬೇಡಿಕೊಂಡನೆಂದು ಆತ ಬರೆಯುತ್ತಾನೆ.

ಸಾಕ್ಷ್ಯ ಕೇಳಿದಲ್ಲಿ ಕಥೆ ಬೇರೆ. ಸ್ಪೇನಿನ ವಿಚಾರಣಾಧಿಕಾರಿ ಸಲಾಸಾರ್ ಬಾಸ್ಕ್ ಪ್ರಾಂತದ ಊರೂರು ಅಲೆದು, ನೂರಾರು ತಪ್ಪೊಪ್ಪಿಗೆಗಳನ್ನು ಪರೀಕ್ಷಿಸಿ, ಮಾಟ ನಡೆದದ್ದಕ್ಕೆ ಯಾವ ಆಧಾರವೂ ಇಲ್ಲವೆಂದು ವರದಿ ಮಾಡಿದನು. 1614ರ ನಂತರ ಅಲ್ಲಿನ ಇಂಕ್ವಿಸಿಷನ್, ಅಂದರೆ ಧರ್ಮದ್ರೋಹವನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯ, ಇಂಥ ಪ್ರಕರಣಗಳಲ್ಲಿ ಸಾಕ್ಷ್ಯದ ವಿಷಯದಲ್ಲಿ ಬಹಳ ಬಿಗಿಯಾಯಿತು. ಇಂಕ್ವಿಸಿಷನ್ ಎಂದರೇ ಬೆಚ್ಚುವ ನಮಗೆ ಇದು ತುಸು ವಿಚಿತ್ರವೆನಿಸುತ್ತದೆ.

ಪ್ರತಿಕ್ರಿಯೆ: ವಿದ್ಯಾರ್ಥಿನಿ

ಧನ್ಯವಾದಗಳು ಸರ್. ಹಾಗಾದರೆ ಆರೋಪಿಯ ಪರವಾಗಿ ಯಾರೂ ವಾದಿಸುತ್ತಿರಲಿಲ್ಲವೇ? ಶೀರ್ಷಿಕೆಯಿಂದ ‘ಮಧ್ಯಯುಗ’ವನ್ನು ತೆಗೆದುಬಿಡಲೇ?

ಉತ್ತರ: ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ವಾದಿಸಿದವರಿದ್ದರು. ಖಗೋಳಶಾಸ್ತ್ರಜ್ಞ ಕೆಪ್ಲರನ ತಾಯಿ ಕತರೀನಾ ಕೊಟ್ಟ ಕಹಿ ಪಾನೀಯದಿಂದ ಕಾಯಿಲೆ ಬಿದ್ದೆನೆಂದು ಊರಿನ ಹೆಂಗಸೊಬ್ಬಳು ದೂರಿದ್ದಳು. ನಮ್ಮ ಕಡೆ ‘ಮದ್ದು ಹಾಕಿದ್ದಾರೆ’ ಎನ್ನುತ್ತೇವಲ್ಲ, ಅಂಥದೇ ಆರೋಪ. ಎಪ್ಪತ್ತು ದಾಟಿದ ಆಕೆಯನ್ನು ಸರಪಳಿ ಬಿಗಿದು ಇರಿಸಿ, ಹಿಂಸೆಯ ಸಲಕರಣೆಗಳನ್ನು ಮುಂದೆ ತಂದು ತೋರಿಸಿದರೂ ಆಕೆ ಒಪ್ಪಿಕೊಳ್ಳಲಿಲ್ಲ. ಮಗನೇ ಪ್ರತಿವಾದವನ್ನು ಸಿದ್ಧಪಡಿಸಿದನು. 1621ರಲ್ಲಿ ಬಿಡುಗಡೆಯಾಗಿ, ಮರುವರ್ಷವೇ ತೀರಿಕೊಂಡಳು.

‘ಮಧ್ಯಯುಗ’ವನ್ನು ಪೂರ್ತಿ ತೆಗೆಯಬೇಡ. ಮೊದಲ ದೊಡ್ಡ ವಿಚಾರಣೆಗಳು 1428ರಲ್ಲೇ ಆಲ್ಪ್ಸ್ ಕಣಿವೆಯ ವಾಲೇ ಪ್ರದೇಶದಲ್ಲಿ ಶುರುವಾಗಿದ್ದವು. ಶೀರ್ಷಿಕೆಯನ್ನು ‘ಮಧ್ಯಯುಗದ ಕೊನೆಯಿಂದ’ ಎಂದು ತಿದ್ದಿದರೆ ಸಾಕು.