ಸಹಾಯ ಬೇಕು: ಮೂರ್ಛೆಗೂ ಎಂಡಾರ್ಫಿನ್‌ಗೂ ಏನು ಸಂಬಂಧ?

ಮುಂಬಯಿ ಕನ್ನಡ ಬಳಗದವರಿಗೆ ನಮಸ್ಕಾರ. ಕಳೆದ ವಾರ ದಾದರ್‌ನಲ್ಲಿ ಲೋಕಲ್‌ಗಾಗಿ ಬಹಳ ಹೊತ್ತು ನಿಂತಿದ್ದ ನನ್ನ ಮಗಳು ಮುಖ ಬಿಳಿಚಿ, ತಣ್ಣನೆಯ ಬೆವರು ಒಡೆದು, ಊಟದ ಡಬ್ಬಿಯ ಸಮೇತ ಕುಸಿದಳು. ಮಲಗಿಸಿ ಕಾಲೆತ್ತಿ ಹಿಡಿದಾಗ ನಿಮಿಷದೊಳಗೆ ಎಚ್ಚರಗೊಂಡಳು. ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವದಿಂದ ನಾಡಿ ನಿಧಾನಗೊಂಡು, ರಕ್ತನಾಳಗಳು ಹಿಗ್ಗಿ, ರಕ್ತದೊತ್ತಡ ಇಳಿದು ಬಂದ ಸಾಮಾನ್ಯ ಮೂರ್ಛೆಯಿದು ಎಂದ ವೈದ್ಯರು ಟಿಲ್ಟ್ ಪರೀಕ್ಷೆಗೆ (ಮೇಜಿನ ಮೇಲೆ ಮಲಗಿಸಿ, ಅದನ್ನು ಓರೆಯಾಗಿ ಎತ್ತಿ ನಾಡಿ, ರಕ್ತದೊತ್ತಡ ನೋಡುವುದು) ಬರೆದುಕೊಟ್ಟಿದ್ದಾರೆ.

ದೇಹವೇ ತಯಾರಿಸುವ ಅಫೀಮಿನಂಥ ವಸ್ತುಗಳಿಗೆ, ಅಂದರೆ ಎಂಡಾರ್ಫಿನ್‌ಗಳಿಗೆ ಹಾಗೂ 1975ರಲ್ಲಿ ವಿಜ್ಞಾನಿಗಳಾದ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಗುರುತಿಸಿದ ಎನ್‌ಕೆಫಲಿನ್‌ಗಳಿಗೆ, ಇದರಲ್ಲಿ ಪಾತ್ರವಿರಬಹುದೆಂದು ಓದಿದೆ. ಅವುಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧ, ರಕ್ತಸ್ರಾವವಾದ ಪ್ರಾಣಿಗಳಲ್ಲಿ ರಕ್ತದೊತ್ತಡ ಕುಸಿಯದಂತೆ ನೋಡಿಕೊಂಡರೂ, ಮನುಷ್ಯರಲ್ಲಿ ಅಷ್ಟು ಸ್ಪಷ್ಟ ಫಲ ಕೊಟ್ಟಿಲ್ಲವಂತೆ. (ಮನೆಯಲ್ಲಿ ಔಷಧ ಪ್ರಯೋಗಿಸುವ ಉದ್ದೇಶ ನನಗಿಲ್ಲ.) ಎಂಡಾರ್ಫಿನ್ ಏರುವುದು ಮೂರ್ಛೆಗೆ ಕಾರಣವೋ, ಬರಿಯ ಪರಿಣಾಮವೋ ಎಂಬುದನ್ನು ಶರೀರಕ್ರಿಯಾಶಾಸ್ತ್ರ ಬಲ್ಲವರು ದಯವಿಟ್ಟು ಕನ್ನಡದಲ್ಲಿ ವಿವರಿಸುವಿರಾ?